ಅತ್ತೆಯ ಒಂದು ಹಿಡಿ ಸೊಪ್ಪು

ಮಧ್ಯಾಹ್ನ ಊಟ ಮುಗಿದು ಎಲ್ಲರೂ ಸುಮ್ಮನಾದರೆ ನಮ್ಮ ಮನೆಯಲ್ಲಿ ಒಂದು ಸಣ್ಣ ಸದ್ದು ಕೇಳುತ್ತದೆ. ಟಿಕ್, ಟಿಕ್, ಟಿಕ್. ಹೊಸದಾಗಿ ಬಂದವರು ಗಡಿಯಾರ ಎಲ್ಲಿದೆ ಎಂದು ಗೋಡೆ ನೋಡುತ್ತಾರೆ. ಗಡಿಯಾರ ನಮ್ಮತ್ತೆಯ ಎದೆಯೊಳಗಿದೆ. ಹೃದಯದ ಒಂದು ಕವಾಟ ಕೆಟ್ಟು, ಮೈಸೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆದು ಲೋಹದ್ದು ಕೂರಿಸಿದ್ದಾರೆ. ಅದು ಮುಚ್ಚಿಕೊಂಡಾಗಲೆಲ್ಲ ಆ ಸದ್ದು. ಆಪರೇಷನ್ ಆದ ಹೊಸದರಲ್ಲಿ ನೋಡಲು ಬಂದವರಿಗೆಲ್ಲ ಅತ್ತೆ, "ಎದೇಲಿ ಒಂದು ವಾಚು ಮಡಗವ್ರೆ ಕಣವ್ವ. ಕೀ ಕೊಡೋ ತಾಪತ್ರಯ ಇಲ್ಲ" ಎಂದು ಹೇಳಿ ನಗಿಸುತ್ತಿದ್ದರು.

ತಾಪತ್ರಯ ಇತ್ತು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ಬದುಕಿರುವಷ್ಟು ದಿನವೂ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ತಿಂಗಳಿಗೊಮ್ಮೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಬರುವ ಅಂಕಿ ಅತ್ತೆಯ ಮಟ್ಟಿಗೆ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು ಎಂದಿದ್ದರು ಡಾಕ್ಟರು. ಕೆಳಗಿಳಿದರೆ ರಕ್ತ ಹೆಪ್ಪಾಗಿ ಲಕ್ವ ಹೊಡೆಯಬಹುದು. ತೀರಾ ಮೇಲೆ ಹೋದರೆ ಒಂದು ಸಣ್ಣ ಗಾಯದ ರಕ್ತವೂ ನಿಲ್ಲುವುದಿಲ್ಲ. ಮನೆಗೆ ಕಳಿಸುವಾಗ ಕೊಟ್ಟ ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಹಸಿರು ಸೊಪ್ಪಿನ ಬಗ್ಗೆ ಎಚ್ಚರವಿರಲಿ.

ಆ ಸಾಲನ್ನು ಓದಿದ್ದು ನಾನು. ಪಾಂಡವಪುರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದು ಅಳಿಸಿದವಳು. ಸೊಪ್ಪಿನ ಹಸಿರಿನ ಜೊತೆಗೇ ಕೆ ಜೀವಸತ್ವ ಇರುತ್ತದೆ, ರಕ್ತ ಹೆಪ್ಪುಗಟ್ಟಲು ಅದು ಬೇಕು, ಅತ್ತೆಯ ಮಾತ್ರೆ ತಡೆಯುವುದು ಅದರ ಕೆಲಸವನ್ನೇ ಎಂಬುದು ನನಗೆ ಗೊತ್ತಿತ್ತು. ಮಾತ್ರೆ ಒಂದು ಕಡೆ ಎಳೆದರೆ ಸೊಪ್ಪು ಇನ್ನೊಂದು ಕಡೆ ಎಳೆಯುತ್ತದೆ. ಓದದವರಾಗಿದ್ದರೆ ಎಚ್ಚರ ಎಂದಿದ್ದನ್ನು ಎಚ್ಚರ ಎಂದೇ ತಿಳಿದುಕೊಂಡು ಡಾಕ್ಟರನ್ನು ಇನ್ನೊಂದು ಮಾತು ಕೇಳುತ್ತಿದ್ದರು. ನಾನು ಟೀಚರು, ಕೇಳುವ ಅಭ್ಯಾಸ ನಮಗೆ ಕಡಿಮೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾನೂನು ಹೊರಡಿಸಿದೆ. ಇವತ್ತಿನಿಂದ ಅತ್ತೆಗೆ ಸೊಪ್ಪಿಲ್ಲ.

ಯಾರಿಗೆ ಸೊಪ್ಪಿಲ್ಲ ಎಂದೆ ಎನ್ನುವುದನ್ನು ಹೇಳಬೇಕು. ನಮ್ಮತ್ತೆ ನಾಗಮಂಗಲದ ಕಡೆಯವರು. ಅದು ಮಳೆ ನಂಬಿದ ಸೀಮೆ, ರಾಗಿ ಹೊಲದ ಸಾಲುಗಳ ನಡುವೆ ತಾನಾಗಿ ಏಳುವ ಬೆರಕೆ ಸೊಪ್ಪೇ ಅಲ್ಲಿ ದಿನದ ತರಕಾರಿ. ಮದುವೆಯಾಗಿ ಕಿರಂಗೂರಿಗೆ ಬಂದಾಗ ಕಾಲುವೆ ನೀರು, ಭತ್ತದ ಗದ್ದೆ, ಕಬ್ಬು ನೋಡಿ ತವರಿನವರು ಮಗಳು ಪುಣ್ಯವಂತೆ ಎಂದರಂತೆ. ಅತ್ತೆಗೆ ಮಾತ್ರ ಒಂದೇ ಕೊರಗು. "ಇಲ್ಲಿ ನೀರದೆ, ಸೊಪ್ಪೇ ಇಲ್ವಲ್ಲ" ಎಂದು ವಾರವೆಲ್ಲ ಮುಖ ಸಪ್ಪಗೆ ಮಾಡಿಕೊಂಡಿದ್ದರಂತೆ. ಆಮೇಲೆ ಬದುವಿನ ಮೇಲೆ, ಎಳೆ ಕಬ್ಬಿನ ಸಾಲಿನಲ್ಲಿ, ಕಾಲುವೆ ಏರಿಯ ತಂಪಿನಲ್ಲಿ ಒಂದೊಂದಾಗಿ ಹುಡುಕಿಕೊಂಡರು. ಅಣ್ಣೆ, ಗಣಿಕೆ, ಕೀರೆ, ನೀರಿನ ಹತ್ತಿರ ಹೊನಗೊನೆ. ಯಾವ ಗದ್ದೆಗೆ ಕಳೆನಾಶಕ ಹೊಡೆದಿದ್ದಾರೆ, ಯಾವುದಕ್ಕೆ ಇಲ್ಲ ಎನ್ನುವುದು ಆ ಗದ್ದೆಯ ಯಜಮಾನನಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕರಿಘಟ್ಟದ ನೆತ್ತಿಗೆ ಬಿಸಿಲು ಬೀಳುವ ಹೊತ್ತಿಗೆ ಹೊರಟರೆ, ನಾನು ಸ್ಕೂಲಿಗೆ ಸ್ಕೂಟರು ತೆಗೆಯುವಷ್ಟರಲ್ಲಿ ಮಡಿಲು ತುಂಬಿಕೊಂಡು ವಾಪಸು.

ಕಾನೂನು ಬಂದಾಗ ಅತ್ತೆ ಜಗಳವಾಡಲಿಲ್ಲ. "ಆಯ್ತು ಬುಡವ್ವ, ಓದಿದೋಳು ನೀನು" ಎಂದರು. ಆದರೆ ಸೊಪ್ಪು ಕೊಯ್ಯುವುದನ್ನು ಬಿಡಲಿಲ್ಲ, ಬಿಡಿಸುವಂತೆಯೂ ಇರಲಿಲ್ಲ. ಏಕೆಂದರೆ ಅದೇ ವರ್ಷ ನನ್ನ ಯಜಮಾನರಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಅವರನ್ನು ನೋಡಿದ ಶ್ರೀರಂಗಪಟ್ಟಣದ ಡಾಕ್ಟರು ಅನ್ನ ಇಳಿಸಿ ಸೊಪ್ಪು, ಕಾಳು ಜಾಸ್ತಿ ಮಾಡಿ ಎಂದಿದ್ದರು. ಸೊಪ್ಪಿನಲ್ಲಿರುವ ನಾರು ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ, ಎಲೆಯಲ್ಲಿ ಇನ್ನೂ ಏನೇನೋ ಒಳ್ಳೆಯದಿದೆ ಎಂದು ವಿವರಿಸಿದ್ದರಂತೆ. ಮಗನಿಗೆ ತಿನ್ನು, ತಾಯಿಗೆ ತಿನ್ನಬೇಡ. ಒಂದೇ ಪಾತ್ರೆಯಲ್ಲಿ ಬೇಯುವ ಒಂದೇ ಸೊಪ್ಪು ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಅಪಾಯ. ಕೊಯ್ಯುವವರು ತಾಯಿ, ಸೋಸುವವರು ತಾಯಿ, ತಿನ್ನುವವನು ಮಗ. ಆ ಮಗನೋ, ಹುಟ್ಟಿದಾಗಿನಿಂದ ಸೊಪ್ಪು ಕಂಡರೆ ಮೂಗು ಮುರಿಯುವ ಆಸಾಮಿ. "ಅವ್ವ, ಇನ್ನು ಮೇಯಾಕಾಗಕ್ಕಿಲ್ಲ" ಎಂದು ತಟ್ಟೆ ಸರಿಸಿದರೆ ಅತ್ತೆ, "ತಿನ್ಲಾ ಮಗಾ, ನನ್ ಪಾಲ್ದೂ ನೀನೇ ತಿನ್ನು" ಎನ್ನುತ್ತಿದ್ದರು.

ಇನ್ನೊಂದು ಬದಲಾವಣೆಯೂ ಆಗಿತ್ತು. ಅದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಪರೇಷನ್ ಆದ ಮೇಲೆ ಒಲೆ ಮುಂದೆ ನಿಲ್ಲುವುದು ಬೇಡವೆಂದು ಅಡುಗೆ ಪೂರ್ತಿ ನನ್ನ ಕೈಗೆ ಬಂತು. ವಾರದಲ್ಲಿ ನಾಲ್ಕು ದಿನ ನಮ್ಮಲ್ಲಿ ಬಸ್ಸಾರೇ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿದುಕೊಂಡು, ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಅತ್ತೆಗೆ ಮುದ್ದೆ, ಸಾರು. ಪಲ್ಯ ಇಲ್ಲ. ಸೊಪ್ಪನ್ನು ಬಸಿದು ತೆಗೆದ ಮೇಲೆ ಸಾರಿನಲ್ಲಿ ಸೊಪ್ಪೆಲ್ಲಿಂದ ಬಂತು? ನನ್ನ ಏರ್ಪಾಟು ನನಗೇ ಮೆಚ್ಚುಗೆಯಾಗಿತ್ತು. ಸ್ಟಾಫ್ ರೂಮಿನಲ್ಲಿ ಇದನ್ನೇ ನಾಲ್ಕು ಜನಕ್ಕೆ ವಿವರಿಸಿ ಭೇಷ್ ಅನ್ನಿಸಿಕೊಂಡಿದ್ದೆ. ಪಲ್ಯ ಹೋದ ಸಂಕಟಕ್ಕೋ ಏನೋ, ಅತ್ತೆ ಸಾರನ್ನು ಮೊದಲಿಗಿಂತ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದರು. "ತಳ ಕದಡಿ ಬುಡವ್ವ" ಎಂದು ತಟ್ಟೆ ಮುಂದೆ ಮಾಡುತ್ತಿದ್ದರು. ಪಾಪ ಎಂದು ನಾನು ಎರಡು ಸೌಟು ಹೆಚ್ಚಿಗೆ ಬಿಡುತ್ತಿದ್ದೆ.

ಆದರೆ ರಿಪೋರ್ಟು ನನ್ನ ಮಾತು ಕೇಳಲಿಲ್ಲ. ಒಂದು ತಿಂಗಳು ಅಂಕಿ ಸರಿ ಇದ್ದರೆ ಮರುತಿಂಗಳು ಕೆಳಗೆ. ಡಾಕ್ಟರು ಮಾತ್ರೆ ಸ್ವಲ್ಪ ಏರಿಸಿದರು. ಏರಿಸಿದ ಹತ್ತು ದಿನಕ್ಕೆ ಹಲ್ಲುಜ್ಜುವಾಗ ಅತ್ತೆಯ ವಸಡಿನಲ್ಲಿ ರಕ್ತ ಬಂತು. ಓಡಿಹೋಗಿ ಪರೀಕ್ಷೆ ಮಾಡಿಸಿದರೆ ಈ ಸಲ ಮೇಲೆ. ಇಳಿಸಿದರು. ಮತ್ತೆ ಕೆಳಗೆ. "ಊಟದಲ್ಲಿ ಏನಾದರೂ ಬದಲಾಗ್ತಿದೆಯಾ?" ಎಂದು ಫೋನಿನಲ್ಲಿ ಕೇಳಿದರು. "ಸೊಪ್ಪು ಮುಟ್ಟಿಸೋದೇ ಇಲ್ಲ ಡಾಕ್ಟ್ರೇ" ಎಂದು ಎದೆ ತಟ್ಟಿ ಹೇಳಿದೆ. ಹೇಳಿ ಫೋನಿಟ್ಟ ಮೇಲೆ ನನಗೆ ಅನುಮಾನ ಹುಟ್ಟಿತು. ನಾನು ಮುಟ್ಟಿಸುತ್ತಿಲ್ಲ, ಸರಿ. ಅವರಾಗಿ ಮುಟ್ಟುತ್ತಿದ್ದರೆ?

ಅನುಮಾನಕ್ಕೆ ಕಾವು ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅತ್ತೆಯ ಬೆರಳ ತುದಿಯ ಹಸಿರು ಕಲೆ ಕಂಡಿತು. ಪಕ್ಕದ ಮನೆಯ ಜಗುಲಿಯಲ್ಲಿ ಕೂತು ಬರುವುದು ಹೆಚ್ಚಾಗಿದೆ ಅನ್ನಿಸಿತು. ಗಣಿಕೆ ಹಣ್ಣು ಬಾಯಿಗೆ ಹಾಕಿಕೊಂಡಂತೆ ಒಂದು ದಿನ ತುಟಿ ನೀಲಿಯಾಗಿತ್ತು. ಅಂಕಿ ಒಂದೂಮುಕ್ಕಾಲಕ್ಕೆ ಬಿದ್ದ ರಿಪೋರ್ಟು ಕೈಗೆ ಬಂದಾಗ ನನ್ನ ನಾದಿನಿ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟಿರುವುದು ನಾಗಮಂಗಲಕ್ಕೆ, ಅತ್ತೆಯ ತವರಿನ ಸಂಬಂಧದಲ್ಲೇ. ತಾಯಿ ಮಗಳು ಹಿತ್ತಿಲ ಬಾಗಿಲಲ್ಲಿ ಕೂತು ಮೊರದಲ್ಲಿ ಸೊಪ್ಪು ಸೋಸುತ್ತ ನಗುತ್ತಿದ್ದರು. ನಾನು ರಿಪೋರ್ಟು ಹಿಡಿದುಕೊಂಡೇ ಹೋದೆ.

"ಅತ್ತೆ, ದಾರೀಲಿ ಹಸಿದೇ ತಿಂತೀರಾ, ಇಲ್ಲ ಪಕ್ಕದ ಮನೇಲಿ ಉಣ್ತೀರಾ? ಯಾವುದು ಅಂತ ಹೇಳ್ಬಿಡಿ."

ಅತ್ತೆ ತಲೆ ಎತ್ತಿದರು. "ಏನವ್ವ?"

"ಸೊಪ್ಪು. ಕದ್ದು ತಿಂತಾ ಇದ್ದೀರಲ್ಲ, ಅದು."

"ನಾನ್ಯಾಕವ್ವ ಕದ್ದು ತಿನ್ಲಿ?"

"ರಕ್ತ ಸುಳ್ಳು ಹೇಳಲ್ಲ ಅತ್ತೆ."

"ರಕ್ತ ಸುಳ್ಳು ಯೋಳಕ್ಕಿಲ್ಲ, ಸರಿ. ನಾನು ಯೋಳ್ತೀನಾ?" ಮೊರವನ್ನು ಮಗಳ ಕಡೆ ಸರಿಸಿ ನನ್ನ ಮುಖವನ್ನೇ ನೋಡಿದರು. "ನೀನು ಬಡ್ಸಿದ್ದು ಬುಟ್ಟು ಬ್ಯಾರೆ ಒಂದು ತುತ್ತು ಉಂಡಿಲ್ಲ ಕಣವ್ವ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಈ ವಯಸ್ಸಿನಲ್ಲಿ ಕಳ್ಳತನ ಕಲಿತಿದ್ದೀರಿ ಎಂದೆ. ಲಕ್ವ ಹೊಡೆದು ಮೂಲೆ ಹಿಡಿದರೆ ನೋಡಿಕೊಳ್ಳುವವಳು ನಾನೇ ಎಂದೂ ಅಂದೆ. ಆ ಮಾತು ಬಾಯಿಂದ ಬಿದ್ದಿದ್ದು ನನಗೇ ಕೇಳಿಸಿತು. ಅತ್ತೆ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಉಳಿದ ಸೊಪ್ಪು ಸೋಸಿ, ಮೊರ ಒದರಿ, ಎದ್ದು ಕೊಟ್ಟಿಗೆಗೆ ಹೋದರು. ನಾದಿನಿ ನನ್ನ ಕಡೆ ನೋಡದೆ ಸೊಪ್ಪು ತೊಳೆಯಲು ಬಚ್ಚಲಿಗೆ ಹೋದಳು.

ಅವತ್ತು ಭಾನುವಾರ. ಮಧ್ಯಾಹ್ನಕ್ಕೆ ಅದೇ ಸೊಪ್ಪಿನ ಬಸ್ಸಾರು ಮಾಡಿದೆ. ಯಾರ ಮುಖದಲ್ಲೂ ಗೆಲುವಿರಲಿಲ್ಲ. ಊಟಕ್ಕೆ ಕೂತಾಗ ನಾದಿನಿಯೇ ಮಾತು ತೆಗೆದಳು.

"ಅತ್ಗೆ, ಸಾರು ಎಷ್ಟು ಗಟ್ಟಿಯಾಗಿ ಬಂದದೆ ನೋಡು. ನಮ್ಮವ್ವ ಕಾಸಿದ್ರೆ ತಟ್ಟೇಲಿ ಓಡೋಯ್ತಿತ್ತು. ಏನಾಕ್ತೀಯ?"

"ಏನಿಲ್ಲ, ಖಾರ ರುಬ್ಬೋವಾಗ ಬೆಂದ ಸೊಪ್ಪನ್ನೇ ಒಂದು ಹಿಡಿ ಹಾಕಿ ರುಬ್ತೀನಿ. ಮಾಕವಳ್ಳಿ ಕಡೆ ನಮ್ಮವ್ವ..."

ಮಾತು ಅಲ್ಲೇ ನಿಂತಿತು. ಸೌಟು ನನ್ನ ಕೈಯಲ್ಲಿತ್ತು, ಅತ್ತೆಯ ತಟ್ಟೆಯ ಮೇಲೆ. ತಳ ಕದಡಿದ ಸಾರು, ಹಸಿರಾಗಿ, ಗಟ್ಟಿಯಾಗಿ ಅದರಿಂದ ಇಳಿಯುತ್ತಿತ್ತು.

ನನ್ನ ತವರು ಕೆ.ಆರ್. ಪೇಟೆ ತಾಲೂಕಿನ ಮಾಕವಳ್ಳಿಯ ಹತ್ತಿರ. ಅಲ್ಲಿ ನಮ್ಮವ್ವ ಕಲಿಸಿಕೊಟ್ಟ ಬಸ್ಸಾರು ಅದು. ನಾಗಮಂಗಲದ ಅತ್ತೆಯ ಕೈಯಲ್ಲಿ ಸೊಪ್ಪು ಸಾರಿಗೆ ಬೀಳುತ್ತಲೇ ಇರಲಿಲ್ಲ. ಕೈ ಬದಲಾಗಿತ್ತು, ಸಾರು ಬದಲಾಗಿತ್ತು. ಅಷ್ಟೇ ಆಗಿದ್ದರೆ ಒಂದು ಹಿಡಿ. ಅತ್ತೆಯ ಪಾಲಿನ ಪಲ್ಯ ದಿನವೂ ಉಳಿಯುತ್ತಿತ್ತಲ್ಲ, ಹಾಳು ಮಾಡಬಾರದೆಂದು ಒಗ್ಗರಣೆಗೆ ಮೊದಲೇ ಅಷ್ಟನ್ನೂ ಎತ್ತಿಟ್ಟು ಮಿಕ್ಸಿಗೆ ಹಾಕುತ್ತಿದ್ದೆ. ಕೆಲವು ದಿನ ಎರಡು ಹಿಡಿ, ಸೊಪ್ಪು ಸಮೃದ್ಧಿಯಾಗಿ ಸಿಕ್ಕ ದಿನ ಮೂರು. ಹುರುಳಿ ಸಾರಿನ ದಿನ, ಕೋಳಿ ಕೊಯ್ದ ದಿನ ಏನೂ ಇಲ್ಲ. ಅತ್ತೆಗೆ ತಟ್ಟೆಯಲ್ಲಿ ಕೊಡದಿದ್ದ ಸೊಪ್ಪನ್ನು ನಾನೇ ನುಣ್ಣಗೆ ರುಬ್ಬಿ, ನಾನೇ ತಳ ಕದಡಿ, ಪಾಪ ಎಂದು ಎರಡು ಸೌಟು ಹೆಚ್ಚಿಗೆ ಹಾಕಿ ಉಣ್ಣಿಸಿದ್ದೆ. ಆಮೇಲೆ ಕಳ್ಳಿ ಎಂದಿದ್ದೆ.

ನಾದಿನಿ ಮುದ್ದೆ ಮುರಿಯುತ್ತ, "ನಿಮ್ಮವ್ವ ಏನು?" ಎಂದಳು. "ಏನಿಲ್ಲ, ಹಂಗೇ ಮಾಡ್ತಿದ್ರು" ಎಂದೆ. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಮಕ್ಕಳ ಪೇಪರಿನಲ್ಲಿ ತಪ್ಪು ಹುಡುಕಿ ಕೆಂಪು ಗೀಟು ಎಳೆದು ಅಭ್ಯಾಸವಾದವರಿಗೆ ತಮ್ಮ ಮೇಲೆ ಗೀಟು ಎಳೆದುಕೊಳ್ಳಲು ಬರುವುದಿಲ್ಲ. ಅತ್ತೆ ತಲೆ ಬಗ್ಗಿಸಿಕೊಂಡು ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು. ಸಂಜೆ ಬಸ್ಸಿಗೆ ನಾದಿನಿ ಹೊರಟುಹೋದಳು.

ಮಾರನೆಯ ದಿನ ರಜೆ ಹಾಕಿ ಅತ್ತೆಯನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದರು. ಕಾವೇರಿ ಸೇತುವೆ ದಾಟುವಾಗ ಎಂದಿನಂತೆ ಕೈಮುಗಿದರು, ಮತ್ತೆ ಕಿಟಕಿಯ ಹೊರಗೇ ನೋಡುತ್ತ ಕೂತರು. ಅವತ್ತು ಸಿಕ್ಕ ಡಾಕ್ಟರಮ್ಮ ಹೊಸಬರು, ಚಿಕ್ಕ ವಯಸ್ಸಿನವರು. ಅವರ ಮುಂದೆ ಕೂತು, ಒಂದೇ ಉಸಿರಿನಲ್ಲಿ ಸಾರಿನ ಕಥೆ ಹೇಳಿಬಿಟ್ಟೆ. ಮಾಕವಳ್ಳಿ, ಮಿಕ್ಸಿ, ಉಳಿದ ಪಲ್ಯ, ಎಲ್ಲ. "ತಪ್ಪು ಇವರದ್ದಲ್ಲ, ನಂದು" ಎಂದೆ. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಗು ತಡೆದುಕೊಳ್ಳುತ್ತಿದ್ದರು ಎಂದು ನನಗೆ ಗೊತ್ತಾಯಿತು.

"ಪೂರ್ತಿ ನಿಲ್ಲಿಸಿ ಅಂತ ಯಾರು ಹೇಳಿದ್ರು ಮೇಡಂ?"

"ಹಾಳೇಲಿ ಎಚ್ಚರ ಅಂತ..."

"ಎಚ್ಚರ ಅಂದ್ರೆ ಅಳತೆ. ಸೊಪ್ಪು ಇವರಿಗೆ ಶತ್ರು ಅಲ್ಲ. ಒಂದು ದಿನ ರಾಶಿ, ಇನ್ನೊಂದು ದಿನ ಸೊನ್ನೆ, ಅದು ತೊಂದರೆ. ದಿನಾ ಒಂದೇ ಸಮ ತಿನ್ನಲಿ. ಅದಕ್ಕೆ ತಕ್ಕ ಹಾಗೆ ನಾನು ಮಾತ್ರೆ ಹೊಂದಿಸ್ತೀನಿ. ಹೊಂದೋವರೆಗೂ ವಾರವಾರ ರಕ್ತ ನೋಡೋಣ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಅಜ್ಜಿ, ದಿನಕ್ಕೆ ಎಷ್ಟು ಸೊಪ್ಪು ಬೇಕು ನಿಮಗೆ?"

ಅತ್ತೆ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಬಲಗೈ ಮುಂದೆ ಚಾಚಿ, ಬೆರಳು ಮಡಚಿ ಮುಷ್ಟಿ ಮಾಡಿ ತೋರಿಸಿದರು. "ಇಷ್ಟು ಸಾಕು ಕಣವ್ವ. ಬೇಯ್ಸಿ ಹಿಂಡಿದ್ದು ಒಂದು ಹಿಡಿ."

ಡಾಕ್ಟರಮ್ಮ ಚೀಟಿಯ ಮೇಲೆ ಮಾತ್ರೆಯ ಕೆಳಗೆ ಅದನ್ನೂ ಬರೆದರು. ಬೇಯಿಸಿದ ಸೊಪ್ಪು, ಅಜ್ಜಿಯ ಕೈಯಲ್ಲಿ ಒಂದು ಹಿಡಿ, ದಿನಾ. ಆ ಚೀಟಿ ಈಗಲೂ ನಮ್ಮ ಫ್ರಿಜ್ಜಿನ ಮೇಲಿದೆ. ವಾಪಸು ಬರುವಾಗ ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಒಂದು ಮೊಳ ಮಲ್ಲಿಗೆ ಕೊಡಿಸಿದರು. ಬೇಡ ಎಂದರೂ ಮುಡಿಸಿದರು. ನನಗೆ ಅಳು ಬಂತು, ಬಿಸಿಲಿನ ನೆಪ ಮಾಡಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಕ್ರಮ ಹೀಗೆ. ಸೊಪ್ಪು ಬೆಂದು ಬಸಿದು ಸ್ವಲ್ಪ ಆರಿದ ಮೇಲೆ ಅತ್ತೆ ಕೈ ತೊಳೆದು ಅಡುಗೆಮನೆಗೆ ಬರುತ್ತಾರೆ. ಒಂದು ಹಿಡಿ ತೆಗೆದು, ಹಿಂಡಿ, ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಾರೆ. ಉಳಿದದ್ದು ನಮಗೆ. ಒಂದು ಸಲ ನಾನು ತೆಗೆದುಕೊಡಲು ಹೋದೆ. "ನಿನ್ ಹಿಡಿ ಅಲ್ಲ ಕಣೇ, ಚೀಟೀಲಿ ನನ್ ಹಿಡಿ ಅಂತ ಬರೆದವ್ರೆ" ಎಂದು ತಡೆದರು. ಸಾರಿಗೆ ಸೊಪ್ಪು ರುಬ್ಬುವುದನ್ನು ನಾನು ಬಿಟ್ಟೆ. ಮಾಕವಳ್ಳಿಯ ಬಸ್ಸಾರು ಮತ್ತೆ ನಾಗಮಂಗಲದ ಬಸ್ಸಾರಾಗಿ ತಟ್ಟೆಯಲ್ಲಿ ಓಡಾಡತೊಡಗಿತು. "ಈಗ ಸಾರು ಅನ್ನಂಗಾಯ್ತು" ಎಂದು ಅತ್ತೆಯ ಮೆಚ್ಚುಗೆ. ಕೋಳಿ ಕೊಯ್ದ ದಿನಕ್ಕೆ ಹಿತ್ತಿಲ ನುಗ್ಗೆ ಮರವಿದೆ, ಅದರ ಎಳೆ ಸೊಪ್ಪು ಒಂದು ಹಿಡಿ ಬೇರೆ ಬೇಯುತ್ತದೆ. ಮೂರು ನಾಲ್ಕು ವಾರ ಮಾತ್ರೆ ಏರಿಸಿ ಇಳಿಸಿ ಆದ ಮೇಲೆ ಅಂಕಿ ಗೆರೆಯೊಳಗೆ ಬಂದು ಕೂತಿತು. ಯಜಮಾನರ ಸಕ್ಕರೆಯೂ ಇಳಿದಿದೆ. ಅದು ಸೊಪ್ಪಿನಿಂದಲೋ, ಮಾತ್ರೆಯಿಂದಲೋ, ಅವ್ವನ ಕಣ್ಣೆದುರು ಎರಡನೇ ಮುದ್ದೆ ಕೇಳಲಾರದೆಯೋ, ಇಷ್ಟರಿಂದ ಅಷ್ಟಾಯಿತು ಎಂದು ಹೇಳಲು ನನಗೆ ಈಗ ಮೊದಲಿನ ಧೈರ್ಯವಿಲ್ಲ.

ಎಲ್ಲ ಸರಿಹೋದರೂ ಒಂದು ಬಾಕಿ ಇತ್ತು. ಡಾಕ್ಟರ ಮುಂದೆ ತಪ್ಪು ಒಪ್ಪಿಕೊಂಡಿದ್ದೆ, ಆದರೆ ಕಳ್ಳತನ ಎಂದಿದ್ದು ಮಗಳ ಮುಂದೆ. ಯಾರ ಮುಂದೆ ಅಂದೆನೋ ಅವರ ಮುಂದೆಯೇ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಅತ್ತೆ ನಾಲ್ಕು ದಿನ ಇದ್ದು ಬರಲು ನಾಗಮಂಗಲಕ್ಕೆ, ಮಗಳ ಮನೆಗೆ ಹೋಗಿದ್ದರು. ಕರೆದುಕೊಂಡು ಬರುವ ನೆಪದಲ್ಲಿ ಭಾನುವಾರ ನಾನೇ ಹೋದೆ. ರಾಗಿ ಹೊಲದಲ್ಲಿ ಆಗ ತಾನೇ ಸೊಪ್ಪು ಎದ್ದಿತ್ತು, ಅತ್ತೆಯ ಮುಖವೂ ಹಾಗೇ ಚಿಗುರಿತ್ತು. ಊಟಕ್ಕೆ ಕೂರುವ ಮೊದಲು ನಾದಿನಿಯನ್ನು ಕರೆದು ಕೂರಿಸಿ ಎಲ್ಲ ಹೇಳಿದೆ. "ಅವತ್ತು ನಿಮ್ಮವ್ವ ಕದ್ದಿರಲಿಲ್ಲ. ಸಾರಲ್ಲಿ ರುಬ್ಬಿ ರುಬ್ಬಿ ತಿನ್ನಿಸ್ತಿದ್ದೋಳು ನಾನೇ. ತಿನ್ನಿಸಿ ಬೈದೋಳೂ ನಾನೇ. ಅವರಿಗೆ ಗೊತ್ತೂ ಇರಲಿಲ್ಲ, ಪಾಪ. ತಪ್ಪಾಯ್ತು ಅತ್ತೆ."

ಅತ್ತೆ ಗೋಡೆಗೆ ಒರಗಿ ಕೂತಿದ್ದರು. "ಗೊತ್ತಿತ್ತು ಕಣವ್ವ" ಎಂದರು.

"ಏನು ಗೊತ್ತಿತ್ತು?"

"ಐವತ್ತು ವರ್ಸ ಬಸ್ಸಾರು ಕಾಸಿವ್ನಿ. ಸಾರೊಳಗೆ ಸೊಪ್ಪು ಅರೆದದೆ ಅಂತ ಬಾಯ್ಗೆ ಗೊತ್ತಾಗಕ್ಕಿಲ್ವಾ?"

"ಮತ್ತೆ ಅವತ್ತು ಯಾಕತ್ತೆ ಹೇಳಲಿಲ್ಲ? ನಾನು ಅಷ್ಟೆಲ್ಲ ಅಂದ್ನಲ್ಲ, ಮಗಳ ಮುಂದೆ..."

"ಯೋಳಿದ್ರೆ ಅದುನ್ನೂ ನಿಲ್ಲಿಸ್ಬುಡ್ತಿದ್ದೆ."

ನಾದಿನಿ ಬಿದ್ದು ಬಿದ್ದು ನಕ್ಕಳು. ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ತಿಂಗಳು ಅಂಕಿ ಏರಿಳಿದಿದೆ, ಯಾವ ದಿನ ಬೇಕಾದರೂ ಲಕ್ವ ಹೊಡೆಯಬಹುದಿತ್ತು, ಗೊತ್ತಿದ್ದೂ ತಳ ಕದಡಿಸಿಕೊಂಡು ಉಂಡಿದ್ದಾರೆ ಈ ಮಹಾತಾಯಿ. ಬಯ್ಯಬೇಕೆಂದು ಬಾಯಿ ತೆರೆದೆ. ಆದರೆ ಯಾರನ್ನು ಬಯ್ಯಲಿ? ಆ ಎರಡು ಸೌಟು ಉಳಿಸಿಕೊಳ್ಳಲು ಅವರು ಹೆತ್ತ ಮಗಳ ಮುಂದೆ ಕಳ್ಳಿ ಅನ್ನಿಸಿಕೊಂಡು ಸುಮ್ಮನೆ ಕೊಟ್ಟಿಗೆಗೆ ನಡೆದಿದ್ದರು. ನನ್ನ ಹತ್ತಿರ ಸತ್ಯ ಹೇಳುವುದಕ್ಕಿಂತ ಅದೇ ಸುಲಭ ಅನ್ನಿಸುವ ಹಾಗೆ ನಾನು ಆ ಮನೆಯಲ್ಲಿದ್ದೆ. ಅದು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

"ಅತ್ತೆ ಸೊಸೆ ಆಮೇಲೆ ಮಾತಾಡ್ಕಳಿ, ಮುದ್ದೆ ಆರೋಗ್ತದೆ" ಎಂದಳು ನಾದಿನಿ. ಅತ್ತೆ ಕೈ ತೊಳೆದು ಬಂದು ನನ್ನ ಕಡೆ ನೋಡಿದರು. "ಸೊಪ್ಪಿನ ಪಾತ್ರೆ ತತ್ತಾ. ಇವತ್ತಿಂದು ಇನ್ನೂ ಆಗಿಲ್ಲ."

ನಾನು ಪಾತ್ರೆ ತಂದು ಅವರ ಮುಂದೆ ಹಿಡಿದೆ. ಅಷ್ಟು ಹತ್ತಿರದಿಂದ ಎದೆಯ ಟಿಕ್ ಟಿಕ್ ಚೆನ್ನಾಗಿ ಕೇಳುತ್ತಿತ್ತು. ಅತ್ತೆ ಕೈ ಹಾಕಿ ತಮ್ಮ ಒಂದು ಹಿಡಿ ತೆಗೆದುಕೊಂಡರು.